ಒಂಬತ್ತು ತಾಸಿನಲ್ಲಿ ಏಳು ಸ್ಥಳ

"ಹಡಗು ಯಾರಿಗೂ ಕಾಯುವುದಿಲ್ಲ" ಎಂದು ನಾನು ಇಪ್ಪತ್ತಾರು ಜನರಿಗೆ ಬೆಳಗಾವಿಯಲ್ಲಿ ಒಮ್ಮೆ, ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಮ್ಮೆ, ಲಿಸ್ಬನ್ನಿನಲ್ಲಿ ಎರಡು ಸಲ ಹೇಳಿದ್ದೆ. ಮುಂದೆ ಮೂರನೆಯ ದಿನ ಹಡಗು ಒಬ್ಬರನ್ನು ದಂಡೆಯಲ್ಲಿ ಬಿಟ್ಟು ಹೋಯಿತು. ಆ ಒಬ್ಬರು ನಾನೇ.

ಪ್ರವಾಸ ಕಂಪನಿಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗ ಹಿಂದವಾಡಿಯ ನನ್ನ ಮನೆಗೆ ಬರುತ್ತಾರೆ. ಯಾವ ಕೋರ್ಸ್ ಮಾಡಬೇಕು, ಎಷ್ಟು ಭಾಷೆ ಬರಬೇಕು ಎಂದು ಕೇಳುತ್ತಾರೆ. ನಾನು ಖಾನಾಪುರದ ಕನ್ನಡ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಇಂಗ್ಲಿಷು ಟಿಕೆಟ್ಟಿನ ಹಿಂಬದಿಯ ನಿಯಮಗಳನ್ನು ಓದಿ ಕಲಿತದ್ದು. ಕೋರ್ಸಿನ ಬಗ್ಗೆ ನನಗೇನೂ ಗೊತ್ತಿಲ್ಲ. ಆದರೆ ಎಡವಿದ್ದು ಎಲ್ಲೆಲ್ಲಿ ಎಂದು ಕೇಳಿದರೆ ಕುಂದ್ರಿಸಿ ಚಹಾ ಕೊಟ್ಟು ಹೇಳುತ್ತೇನೆ.

ಮೊದಲು ಎಡವಿದ್ದು ಲೋಂಡಾದಲ್ಲಿ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಮೂವತ್ತೆರಡು ಜನರ ತಂಡ, ಲೋಂಡಾ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಹೊಸ ಗಾಡಿ ಹತ್ತಿದ ಮೇಲೆ ತಲೆ ಎಣಿಸಿದೆ. ಸರಿಯಾಗಿ ಮೂವತ್ತೆರಡು. ಗಾಡಿ ಬಿಟ್ಟಿತು. ಅರ್ಧ ತಾಸಿನ ಮೇಲೆ ನಮ್ಮ ನಡುವೆ ಮಲಗಿದ್ದ ಒಬ್ಬ ಗೃಹಸ್ಥ ಎದ್ದು, "ಮಡಗಾಂವ ಆಲಂ ಕಾ?" ಎಂದು, ಮಡಗಾಂವ ಬಂತೇ ಎಂದು, ಮರಾಠಿಯಲ್ಲಿ ಕೇಳಿದಾಗ ಅವನು ನಮ್ಮವನಲ್ಲ ಎಂದು ತಿಳಿಯಿತು. ನಮ್ಮವರೊಬ್ಬರು ಲೋಂಡಾದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಟಾಟಿ ವಡಾ ತಿನ್ನುತ್ತಿದ್ದರು. ಅಂದಿನಿಂದ ನಾನು ತಲೆ ಎಣಿಸುವುದನ್ನು ಬಿಟ್ಟು ಹೆಸರು ಕೂಗಲು ಶುರುಮಾಡಿದೆ. ತಲೆಗಳೆಲ್ಲ ಒಂದೇ ತರಹ ಇರುತ್ತವೆ.

ನಮ್ಮ ಕಂಪನಿಯ ಮಾಲಕರು ಚೌಗುಲೆ ಸರ್. ಒಳ್ಳೆಯ ಮನುಷ್ಯ. ಸಿಟ್ಟು ಬಂದಾಗ ಕೆಲಸದಿಂದ ತೆಗೆಯುತ್ತಿದ್ದರು, ಚಹಾದ ಹೊತ್ತಿಗೆ ಮರೆಯುತ್ತಿದ್ದರು. ಅವರದೊಂದು ಸಿದ್ಧಾಂತವಿತ್ತು.

"ಪಟ್ಟಿ ತುಂಬಿರಬೇಕು ನೋಡ್ರಿ ಶಕುಂತಲಾ. ಒಂದ ದಿನಕ್ಕ ಏಳು ಸ್ಥಳ ಅಂತ ಬರದ್ರ ಮಂದಿ ಬರ್ತಾರ. ಎರಡ ಅಂತ ಬರದ್ರ ಬಾಜೂದ ಅಂಗಡಿಗಿ ಹೋಗ್ತಾರ."

ಬಸ್ಸಿನ ಪ್ರವಾಸಕ್ಕೆ ಇದು ನಡೆಯುತ್ತಿತ್ತು. ಸ್ಥಳ ಉಳಿದರೆ ಊಟ ತಡ ಮಾಡಿ ನೋಡಬಹುದು. ಬಸ್ಸು ನಮ್ಮದು, ಡ್ರೈವರ್ ನಮ್ಮವನು. ಹಾಗೆ ಕಾಶಿ, ಶಿಖರ್ಜಿ, ಗಿರನಾರ್ ಎಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದೆ. ಆಮೇಲೆ ತಾರಾಬಾಯಿ ಕಾಕು ಬಂದರು.

ತಾರಾಬಾಯಿ ಕಾಕು ಹಿಂದವಾಡಿಯ ಹಳೆಯ ಜೈನ ಮನೆತನದವರು. ಎಪ್ಪತ್ತು ದಾಟಿದ್ದರೂ ನಮ್ಮ ಎಲ್ಲ ಯಾತ್ರೆಗಳಲ್ಲಿ ಮುಂದಿನ ಸೀಟು ಅವರದೇ. ತಂಡದ ಎಲ್ಲರಂತೆ ಅವರೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಒಂದು ದಿನ ಆಫೀಸಿಗೆ ಬಂದು ಕುಳಿತು ಹೇಳಿದರು: "ಬೆಟ್ಟಾ ಹತ್ತಿದ್ದು ಸಾಕಾತು. ಇನ್ನ ಸುತ್ತೂ ನೀರ ಇರೋ ಊರ ತೋರಸ್ರಿ. ಆದ್ರ ಹೊತ್ತ ಮುಳುಗೋದರಾಗ ಊಟಾ ಆಗಬೇಕು. ನೆಲದಾಗ ಬೆಳಿಯೂ ಗಡ್ಡಿ ಒಂದೂ ಇರಬಾರ್ದು."

ಚೌಗುಲೆ ಸರ್ ಅಂಡಮಾನ್ ಎಂದರು. ಕಾಕುವಿನ ಅತ್ತಿಗೆ ಅಲ್ಲಿಗೆ ಆಗಲೇ ಹೋಗಿ ಬಂದಿದ್ದರು, ಹಾಗಾಗಿ ಅದು ನಡೆಯಲಿಲ್ಲ. ಕೊನೆಗೆ ಮುಂಬಯಿಯ ದೊಡ್ಡ ಏಜೆಂಟರೊಬ್ಬರು ಕಳಿಸಿದ್ದ ಬಣ್ಣದ ಪುಸ್ತಿಕೆ ಹೊರಬಿತ್ತು. ಲಿಸ್ಬನ್ನಿನಿಂದ ಹೊರಟು ಅಟ್ಲಾಂಟಿಕ್ ಸಾಗರದ ಮದೇರಾ, ಅಜೋರ್ಸ್ ದ್ವೀಪಗಳನ್ನು ಮುಟ್ಟಿ ಬರುವ ಹಡಗು ಯಾನ. ಮೂರು ವಾರದಲ್ಲಿ ಇಪ್ಪತ್ತಾರು ಜನ ಹೆಸರು ಕೊಟ್ಟರು.

ಅವರಲ್ಲಿ ಕಾಕತಿಯ ಮಹಾಂತೇಶ ಮಾಸ್ತರರೂ ಒಬ್ಬರು. ನಿವೃತ್ತ ಭೂಗೋಳ ಶಿಕ್ಷಕರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೊರಳಲ್ಲಿ ಲಿಂಗ, ಜೇಬಿನಲ್ಲಿ ನೋಟ್‌ಬುಕ್ಕು. ಮೂವತ್ತು ವರ್ಷ ದ್ವೀಪ, ಜ್ವಾಲಾಮುಖಿ, ಸಾಗರ ಪ್ರವಾಹ ಎಂದು ಪಾಠ ಮಾಡಿದ್ದರು; ಗೋವಾದ ಆಚೆ ಸಮುದ್ರ ಕಂಡಿರಲಿಲ್ಲ. ನಾನು ಏನು ಹೇಳಿದರೂ "ಹಂಗಲ್ರಿ" ಎಂದೇ ಮಾತು ಶುರುಮಾಡುತ್ತಿದ್ದರು.

ಬಂದರುಗಳ ಪಟ್ಟಿ ಮಾಡುವ ಕೆಲಸ ನನ್ನದು. ಮದೇರಾದ ಫುಂಶಾಲ್ ಬಂದರಿಗೆ ಹಡಗು ಬೆಳಿಗ್ಗೆ ಎಂಟಕ್ಕೆ ಬರುತ್ತದೆ, ಸಂಜೆ ಐದಕ್ಕೆ ಹೊರಡುತ್ತದೆ. ಒಂಬತ್ತು ತಾಸು. ಚೌಗುಲೆ ಸರ್ ಗೋಡೆಯ ನಕಾಶೆಯ ಮೇಲೆ ದಾರ ಹಿಡಿದು ದ್ವೀಪ ಅಳೆದರು. "ಏ, ಇಷ್ಟೇನಾ? ಬೆಳಗಾವಿಂದ ಖಾನಾಪುರಕ್ಕ ಎರಡ ಸಲಾ ಹೋಗಿ ಬಂದಂಗ ಆತು. ಏಳು ಸ್ಥಳ ಬರೀರಿ."

ಮಾಸ್ತರರು ನಕಾಶೆ ನೋಡಿ, "ಹಂಗಲ್ರಿ, ಅದು ನೀರಾಗಿಂದ ಎದ್ದ ಗುಡ್ಡಾ. ದಾರಾ ಸಪಾಟ ಇರತೈತಿ, ರಸ್ತಾ ಸಪಾಟ ಇರೂದಿಲ್ಲ" ಎಂದರು. ಸರ್ ನಕ್ಕರು. ನಾನೂ ನಕ್ಕೆ. ಏಳು ಸ್ಥಳ ಬರೆದೆ. ಅಜೋರ್ಸಿಗೂ ಹಾಗೇ ಆರು ಸ್ಥಳ ಬರೆದೆ.

ಹಡಗಿನಲ್ಲಿ ನಾನು ಹೆದರಿದ್ದು ಊಟಕ್ಕೆ. ಅಡುಗೆಯ ಮುಖ್ಯಸ್ಥನಿಗೆ ಕಾಕುವಿನ ನಿಯಮಗಳನ್ನು ಬಿಡಿಸಿ ಹೇಳಿದೆ: ಮಾಂಸ ಇಲ್ಲ, ಮೀನು ಇಲ್ಲ, ತತ್ತಿ ಇಲ್ಲ, ಬಟಾಟಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಅವನು ಬರೆದುಕೊಂಡು ಹೋಗಿ, ಬಹಳ ಹೆಮ್ಮೆಯಿಂದ, ಜೈನರಿಗೆ ವರ್ಜ್ಯವೆಂದು ನಾನು ಹೇಳಲು ಮರೆತಿದ್ದ ಅಣಬೆಯ ಖಾದ್ಯ ತಂದಿಟ್ಟ. ಕಾಕು ಅದನ್ನೂ ಅವನನ್ನೂ ನೋಡಿ, "ಪಾಪ, ಹುಡುಕಿ ಹುಡುಕಿ ಅದನ್ನ ತಂದಾನ" ಎಂದು ತಮ್ಮ ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದರು. ಎರಡನೆಯ ದಿನದಿಂದ ಅವನಿಗೆ ಕೋಸು, ಬೀನ್ಸು, ಅನ್ನ, ಬೇಳೆ ತಿಳಿಯಿತು. ಹೊತ್ತು ಮುಳುಗುವ ಚಿಂತೆ ತಾನಾಗಿಯೇ ಹೋಯಿತು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಒಂಬತ್ತು ಗಂಟೆಯವರೆಗೂ ಇರುತ್ತಾನೆ. ಹಡಗಿನ ಮೊದಲ ಪಂಕ್ತಿ ಆರೂವರೆಗೆ. ಕಾಕು ಸಾವಕಾಶ ಊಟ ಮಾಡಿ, ಹಣ್ಣು ತಿಂದು, ಇನ್ನೂ ಬಿಸಿಲಿರುವುದನ್ನು ಕಂಡು ಮತ್ತೊಮ್ಮೆ ಹಣ್ಣು ತಿಂದರು. "ಇಂಥಾ ಧರ್ಮಾತ್ಮ ಸೂರ್ಯಾನ್ನ ನಾ ಎಲ್ಲೂ ನೋಡಿಲ್ಲವಾ" ಎಂದರು.

ಲಿಸ್ಬನ್ನಿನಲ್ಲಿ ನಾನು ಇನ್ನೊಂದು ಜಾಣತನ ಮಾಡಿದ್ದೆ. ಹಿರಿಯರು ಗುಳಿಗೆ ಕಳೆದುಕೊಳ್ಳುತ್ತಾರೆಂದು ಹನ್ನೊಂದು ಜನರ ಔಷಧಿಯನ್ನು ಒಟ್ಟುಮಾಡಿ ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ಮಾಸ್ತರರು ಪ್ರತಿ ಗುಳಿಗೆಯ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಯಾಕ್ರಿ ಮಾಸ್ತರ್?" ಎಂದೆ. "ನಿಮ್ಮ ಮ್ಯಾಲೆ ಭರೋಸಾ ಐತ್ರಿ. ಚೀಲದ ಮ್ಯಾಲಿಲ್ಲ" ಎಂದರು.

ಮೂರನೆಯ ದಿನ ಫುಂಶಾಲ್. ಹಡಗು ಎಂಟಕ್ಕೇ ಬಂತು. ಆದರೆ ದಂಡೆಗೆ ಕಟ್ಟಿ, ಕಾಗದಪತ್ರ ನೋಡಿ, ಸಾವಿರಾರು ಜನ ಒಂದೇ ಏಣಿಯಲ್ಲಿ ಇಳಿಯುವಾಗ ಒಂಬತ್ತೂವರೆ. ಐದಕ್ಕೆ ಹೊರಡುತ್ತದೆ ಎಂದರೆ ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು ಎಂದು ಏಣಿಯ ಬಳಿ ಬೋರ್ಡಿತ್ತು. ಒಂಬತ್ತು ತಾಸು ಏಳಾಯಿತು. ಮಿನಿಬಸ್ಸು ಹತ್ತಿದ ಮೇಲೆ ರಸ್ತೆ ಶುರುವಾಯಿತು. ನಮ್ಮ ಗೋವಾ ದಾರಿಯ ಚೋರ್ಲಾ ಘಾಟನ್ನು ಯಾರೋ ಸೀರೆ ಹಿಂಡಿದಂತೆ ಹಿಂಡಿ ಗುಡ್ಡದ ಮೇಲೆ ಒಣಹಾಕಿದ್ದರು. ಮೊದಲ ಸ್ಥಳ ಮುಟ್ಟುವಾಗ ಮೂವರು ವಾಂತಿ ಮಾಡಿದ್ದರು. ಎರಡನೆಯದರಲ್ಲಿ ಯಾರೂ ಇಳಿಯಲಿಲ್ಲ. ಮೂರನೆಯದು ಊರೊಳಗಿನ ಹೂವಿನ ಮಾರುಕಟ್ಟೆ. ಆಗ ಮೂರು ಗಂಟೆ. ಉಳಿದ ನಾಲ್ಕು ಸ್ಥಳಗಳು ಇವತ್ತಿಗೂ ಪಟ್ಟಿಯಲ್ಲಿಯೇ ಇವೆ.

ಮಾರುಕಟ್ಟೆಯಲ್ಲಿ ಬಸ್ಸು ಹತ್ತುವಾಗ ಅವಸರದಲ್ಲಿ ಕೂಗದೆ ಬಿಟ್ಟ ಹೆಸರುಗಳನ್ನು ನಾಲ್ಕು ಗಂಟೆಗೆ ಹಡಗಿನ ಬುಡದಲ್ಲಿ ನಿಂತು ಕೂಗಿದೆ. ಇಪ್ಪತ್ತೈದು ಜನ ಓಗೊಟ್ಟರು. ಮಾಸ್ತರರಿಲ್ಲ.

ಎಲ್ಲರನ್ನೂ ಮೇಲೆ ಹತ್ತಿಸಿ ನಾನು ಮಾರುಕಟ್ಟೆಗೆ ಓಡಿದೆ. ತಲೆಯ ಮೇಲೆ ಕೈಯಿಟ್ಟು ಬಿಳಿ ಟೊಪ್ಪಿಗೆಯ ಅಭಿನಯ ಮಾಡಿ ಹೂವಿನವರನ್ನು ಕೇಳಿದೆ. ಅಲ್ಲಿಯ ಜನ ಬಹಳ ಉಪಕಾರಿಗಳು. ಎಲ್ಲರೂ ಮಾಸ್ತರರನ್ನು ನೋಡಿದ್ದರು. ಒಬ್ಬಳು ಚರ್ಚಿನ ಕಡೆ ಕೈ ಮಾಡಿದಳು, ಒಬ್ಬ ಸಮುದ್ರದ ಕಡೆ, ಒಬ್ಬ ಟೊಪ್ಪಿಗೆ ಅಂಗಡಿಗೇ ಕರೆದುಕೊಂಡು ಹೋದ. ನಾನು ತಿರುಗಿ ಬಂದರಿಗೆ ಓಡಿಬರುವಾಗ ಏಣಿ ಎತ್ತಿದ್ದರು. ಹಗ್ಗ ಬಿಚ್ಚಿದ್ದರು. ಹಡಗಿಗೂ ದಂಡೆಗೂ ನಡುವೆ ಒಂದು ಎತ್ತಿನಗಾಡಿಯಷ್ಟು ನೀರು ಕಾಣುತ್ತಿತ್ತು, ಅದು ಅಗಲವಾಗುತ್ತಲೇ ಇತ್ತು.

ಮೇಲೆ ಕಟಾಂಜನದ ಉದ್ದಕ್ಕೂ ನಮ್ಮ ಮಂದಿ. ತಾರಾಬಾಯಿ ಕಾಕು ಸರಕಾರಿ ಬಸ್ಸಿನ ಕಂಡಕ್ಟರ್ ಬದಿ ಬಡಿಯುವಂತೆ ಕಟಾಂಜನ ಬಡಿಯುತ್ತ, "ಹೋಲ್ಡಾನ್! ಹೋಲ್ಡಾನ್! ಅಕ್ಕಾ ಉಳದಾಳೋ!" ಎಂದು ಕೂಗುತ್ತಿದ್ದರು. ಅವರ ಪಕ್ಕದಲ್ಲಿ ಒಬ್ಬರು ಬಿಳಿ ಟೊಪ್ಪಿಗೆ ತೆಗೆದು ಜೋರಾಗಿ ಬೀಸುತ್ತಿದ್ದರು. ಅದು ಮಹಾಂತೇಶ ಮಾಸ್ತರರು.

ಆಮೇಲೆ ತಿಳಿಯಿತು. ಎರಡನೆಯ ಸ್ಥಳದಲ್ಲಿಯೇ ಬೇಸತ್ತು, ಮಾರುಕಟ್ಟೆಯಲ್ಲಿ ಇಳಿದೊಡನೆ ಅವರು ಟ್ಯಾಕ್ಸಿ ಹಿಡಿದು ಮೂರೂಕಾಲಿಗೇ ಹಡಗು ಸೇರಿ, ಗ್ರಂಥಾಲಯದಲ್ಲಿ ನಕಾಶೆ ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದರು. ಹಡಗಿನ ಬಾಗಿಲಲ್ಲಿ ಪ್ರತಿಯೊಬ್ಬರ ಕಾರ್ಡನ್ನೂ ಒಂದು ಯಂತ್ರ ಓದುತ್ತದೆ. ಯಾರು ಒಳಗೆ, ಯಾರು ಹೊರಗೆ ಎಂದು ಅದಕ್ಕೆ ಗೊತ್ತಿರುತ್ತದೆ. ನಾನು ಊರಿನವರನ್ನೆಲ್ಲ ಕೇಳಿದೆ, ಆ ಯಂತ್ರವನ್ನು ಮಾತ್ರ ಕೇಳಲಿಲ್ಲ. ಹೊಸಬರು ಇದೊಂದನ್ನು ನೆನಪಿಟ್ಟರೂ ನನ್ನ ಚಹಾ ಸಾರ್ಥಕ.

ದಂಡೆಯ ಕಲ್ಲಿನ ಮೇಲೆ ಕುಳಿತೆ. ಹೆಗಲಲ್ಲಿ ಕೈಚೀಲ. ಅದರೊಳಗೆ ಹನ್ನೊಂದು ಜನರ ಬಿಪಿ, ಸಕ್ಕರೆ, ಹೃದಯದ ಗುಳಿಗೆಗಳು. ಹಡಗು ಸಣ್ಣದಾಗುತ್ತಿತ್ತು. ಆಗ ನಗು ಬರಲಿಲ್ಲ. ಮುಂದಿನ ದ್ವೀಪ ಒಂದೂವರೆ ದಿನದ ದಾರಿ. ಅಷ್ಟರೊಳಗೆ ಯಾರಿಗಾದರೂ ಏನಾದರೂ ಆದರೆ ಬೆಳಗಾವಿಗೆ ಯಾವ ಮುಖ ಹೊತ್ತು ಹೋಗಲಿ?

ಚೌಗುಲೆ ಸರ್‌ಗೆ ಫೋನ್ ಮಾಡಿದೆ.

"ನಿಮ್ಮನ್ನ ಬಿಟ್ಟು ಹೋತಾ? ಹಂಗಾದ್ರ ಮಂದೀನ್ನ ಯಾರ ನೋಡಾಕತ್ತಾರ?"

"ಯಾರೂ ಇಲ್ರಿ ಸರ್."

"ನಾಳಿಂದ ಆಫೀಸಿಗಿ ಬರಬ್ಯಾಡ್ರಿ!"

"ಬರಾಕೂ ಆಗೂದಿಲ್ರಿ. ನಾ ಫುಂಶಾಲದಾಗ ಅದೀನಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, "ಊಟಾ ಮಾಡೀರಿಲ್ಲೋ?" ಎಂದರು.

ಅಷ್ಟರಲ್ಲಿ ಬಂದರಿನ ಏಜೆಂಟ್ ಬಂದ. ಯಾರಾದರೂ ಉಳಿದರೆ ನೋಡಿಕೊಳ್ಳುವುದು ಅವನ ಕೆಲಸ. ನರೆತ ಮೀಸೆಯ ಸಮಾಧಾನಿ. ಹೊರಡುವ ಮುನ್ನ ಹಡಗಿನವರು ನನ್ನ ಕೋಣೆಯಿಂದ ತೆಗೆದು ಕೊಟ್ಟಿದ್ದ ಪಾಸ್‌ಪೋರ್ಟು ಅವನ ಕೈಯಲ್ಲಿತ್ತು, ಜೊತೆಗೊಂದು ಗಂಟು. ಗಂಟು ಕಟ್ಟಿದ್ದು ನಮ್ಮ ಮಂದಿ. ಅವಸರದಲ್ಲಿ ಮೂರು ಬ್ಲೌಸ್ ಇಟ್ಟಿದ್ದರು, ಸೀರೆ ಒಂದೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತು ಕಾಕು ಬರೆದ ಚೀಟಿ: "ಹಸಗೊಂಡು ಇರಬ್ಯಾಡ. ನಮ್ಮ ಚಿಂತಿ ಮಾಡಬ್ಯಾಡ. ನಾವೇನು ಸಣ್ಣ ಹುಡುಗ್ರಲ್ಲ."

ಮೊದಲು ಗುಳಿಗೆಯ ವಿಷಯ ಹೇಳಿದೆ. ಏಜೆಂಟ್ ಹಡಗಿನ ವೈದ್ಯರಿಗೆ ಫೋನ್ ಮಾಡಿದ. ಅಲ್ಲಿಂದ ಬಂದ ಉತ್ತರ ಕೇಳಿ ಅವನ ಮೀಸೆ ಅಲ್ಲಾಡಿತು. ಬಿಳಿ ಟೊಪ್ಪಿಗೆಯ ಒಬ್ಬ ಹಿರಿಯರು ನೋಟ್‌ಬುಕ್ಕು ಹಿಡಿದು ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿಕೊಂಡು ಆಗಲೇ ದವಾಖಾನೆಗೆ ಬಂದಿದ್ದಾರಂತೆ.

ರೊಟ್ಟಿ ಮುರಿದು ಅವನಿಗೂ ಕೊಟ್ಟೆ. ತಿನ್ನುತ್ತ, ಒಂದು ದಿನದಲ್ಲಿ ಏನೇನು ತೋರಿಸಬೇಕೆಂದಿದ್ದೆ ಎಂದು ಕೇಳಿದ. ಪಟ್ಟಿ ಕೊಟ್ಟೆ. ಪೆನ್ನು ತೆಗೆದು ಒಂದೊಂದನ್ನೇ ಹೊಡೆಯುತ್ತ ಬಂದು ಒಂದನ್ನು ಉಳಿಸಿದ. ಇಳಿಯುವುದಕ್ಕೆ ಒಂದೂವರೆ ತಾಸು, ಹತ್ತುವುದಕ್ಕೆ ಒಂದು, ದಾರಿ ತಪ್ಪುವುದಕ್ಕೆ ಒಂದು, ಊಟಕ್ಕೆ, ಶೌಚಕ್ಕೆ ಒಂದೂವರೆ. ಉಳಿದ ನಾಲ್ಕು ತಾಸಿನಲ್ಲಿ ಒಂದು ಸ್ಥಳ. ಅಲ್ಲಿ ಕೂರುವುದಕ್ಕೆ ಬೆಂಚಿರಬೇಕು. "ಹಡಗಿನಿಂದ ಇಳಿದವರಿಗೆ ನೋಡುವುದಕ್ಕಿಂತ ಅಲ್ಲಾಡದ ಜಾಗದಲ್ಲಿ ಕೂರುವ ಆಸೆ ಹೆಚ್ಚು" ಎಂದ. ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಕಲಿಸದ ವಿದ್ಯೆಯನ್ನು ಅವನು ಒಂದು ರೊಟ್ಟಿ ತಿಂದು ಮುಗಿಸುವುದರೊಳಗೆ ಕಲಿಸಿದ.

ಮುಂದಿನ ದ್ವೀಪದಲ್ಲಿ ಹಡಗು ಹಿಡಿಯಲು ಏಜೆಂಟನೇ ವಿಮಾನದ ಟಿಕೆಟ್ ಮಾಡಿಸಿಕೊಟ್ಟ. ಮರುದಿನ ಗಾಳಿಯ ಕಾರಣಕ್ಕೆ ವಿಮಾನ ಏಳಲೇ ಇಲ್ಲ. ಅದರ ಮರುದಿನ ಎದ್ದು ಅಜೋರ್ಸಿನ ಪೊಂಟಾ ದೆಲ್ಗಾದಾ ಮುಟ್ಟಿತು. ಹಡಗು ಬೆಳಿಗ್ಗೆಯೇ ಬಂದು ನಿಂತಿತ್ತು. ನಾನು ಯಾರನ್ನೂ ಹುಡುಕಲು ಹೋಗದೆ ನೇರ ಹಡಗಿನ ಬಾಗಿಲಿಗೆ ಹೋಗಿ ಯಂತ್ರದವನನ್ನು ಕೇಳಿದೆ. ನಮ್ಮವರು ಇಪ್ಪತ್ತೈದು ಜನ ಹೊರಗೆ, ಒಬ್ಬರು ಒಳಗೆ.

ಒಳಗಿದ್ದವರು ಮಾಸ್ತರರು. ಮೇಲಿನ ಅಂತಸ್ತಿನಲ್ಲಿ ಯಾರದೋ ದುರ್ಬೀನು ಹಿಡಿದು ದ್ವೀಪವನ್ನು ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ದುರ್ಬೀನು ಕೆಳಗಿಟ್ಟರು. ಕಣ್ಣು ಕೆಂಪಾಗಿದ್ದವು.

"ಮಾಸ್ತರ್, ನೀವ್ಯಾಕ ಇಳಿದಿಲ್ರಿ?"

"ನನ್ನ ಸಲುವಾಗಿ ನೀವು ಉಳದ್ರಿ. ನೀವು ತಿರುಗಿ ಬರೂತನಕ ನೆಲಾ ಮೆಟ್ಟೂದಿಲ್ಲ ಅಂತ ಲಿಂಗಾ ಮುಟ್ಟಿ ಆಣಿ ಹಾಕೀನ್ರಿ."

"ಉಳದವ್ರು?"

"ತಾರಾಬಾಯಾರು ಕರಕೊಂಡ ಹೋಗ್ಯಾರ. ಒಂದ ಜಾಗಾ. ನೆಲದಾಗಿಂದ ಕುದಿಯೂ ನೀರ ಬರತೈತಂತ, ಅದರಾಗ ಗೋವಿನಜೋಳದ ತೆನಿ ಕುದಿಸಿ ಕೊಡ್ತಾರಂತ. ಅಲ್ಲೇ ಸಂಜಿತನಕ ಕುಂದರೂದಂತ."

"ಮತ್ತ ನನ್ನ ಆರು ಸ್ಥಳದ ಪಟ್ಟಿ?"

"ಅದರಾಗ ಕಾಕು ರೊಟ್ಟಿ ಕಟಗೊಂಡ್ರು."

ಇಂಗ್ಲಿಷಿನ ಒಂದಕ್ಷರ ಬಾರದ ಕಾಕು, ಯಾರ ಪೆನ್ನೂ ಇಲ್ಲದೆ, ಏಜೆಂಟ್ ಹೇಳಿದ ಲೆಕ್ಕಕ್ಕೇ ಬಂದು ನಿಂತಿದ್ದರು. ನನಗೆ ನಗುವೂ ಬಂತು, ಸ್ವಲ್ಪ ಅವಮಾನವೂ ಆಯಿತು.

ಈ ದ್ವೀಪದಲ್ಲಿ ಒಂದು ಹಳೆಯ ಜ್ವಾಲಾಮುಖಿಯ ಬಾಯಿದೆ. ಅದರೊಳಗೆ ಜೋಡಿ ಸರೋವರ, ಒಂದು ಕಡೆ ನೀಲಿ, ಒಂದು ಕಡೆ ಹಸಿರು. ಬೆಳಗಾವಿಯಿಂದ ಮಾಸ್ತರರು ಬಂದದ್ದೇ ಅದಕ್ಕೆ ಎಂದು ನನಗೆ ಗೊತ್ತಿತ್ತು. ಕೈಗಡಿಯಾರ ನೋಡಿದೆ. ಮೂರು ಗಂಟೆ. ನಾಲ್ಕೂವರೆಗೆ ಒಳಗಿರಬೇಕು.

"ಹೊತ್ತ ಸಾಲೂದಿಲ್ರಿ ಮಾಸ್ತರ್."

"ಹಂಗಲ್ರಿ" ಎಂದರು ಮಾಸ್ತರರು. "ಮದೇರಾಕ್ಕಿಂತ ಇದು ಪಶ್ಚಿಮಕ್ಕೈತಿ. ಇಲ್ಲೆ ಒಂದ ತಾಸ ಹಿಂದ. ಈಗ ಎರಡ ಗಂಟಿ. ನೀವು ವಾಚ್ ತಿರುಗಿಸಿಲ್ಲ."

ನನ್ನ ವೃತ್ತಿಯಲ್ಲಿ ಯಾರೂ ನನಗೆ ಒಂದು ತಾಸು ಉಡುಗೊರೆ ಕೊಟ್ಟಿರಲಿಲ್ಲ. ಹೋಗಲು ನಲವತ್ತು ನಿಮಿಷ, ಬರಲು ನಲವತ್ತು, ನಿಲ್ಲಲು ಅರ್ಧ ತಾಸು, ದಾರಿ ತಪ್ಪಲು ಉಳಿದದ್ದು. ಟ್ಯಾಕ್ಸಿ ಹಿಡಿದೆವು. ದಂಡೆಗೆ ಕಾಲಿಡುವಾಗ ಮಾಸ್ತರರು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮೇಲೆ ಹೋಗಿ ಇಳಿದರೆ ಮಂಜು. ಎದುರಿಗೆ ಕಟಾಂಜನವಿತ್ತು, ಅದರಾಚೆ ಹಾಲಿನಂಥ ಬಿಳುಪು. ಸರೋವರವಿರಲಿ, ನಮ್ಮ ಟ್ಯಾಕ್ಸಿಯೇ ಅರ್ಧ ಕಾಣುತ್ತಿತ್ತು. ನನಗೆ ಅಳು ಬಂತು. ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡು, ಕಟಾಂಜನದ ಮುಂದೆ ಕರಿಹಲಗೆಯ ಮುಂದೆ ನಿಂತಂತೆ ನಿಂತರು.

"ನೋಡ್ರಿ, ಇಲ್ಲಿಂದ ಬಲಕ್ಕ ಬಾಯಿಯ ಅಂಚು ಹಿಂಗ ಗುಂಡಗ ಹೋಗತೈತಿ. ಕೆಳಗ ಸಣ್ಣ ಹಳ್ಳಿ. ಈ ಕಡೆ ನೀಲಿ ಕೆರಿ, ಆ ಕಡೆ ಹಸರ ಕೆರಿ, ನಡುವ ದಾಟಾಕ ಒಂದ ಪೂಲು."

ಇಪ್ಪತ್ತೈದು ನಿಮಿಷ ಆ ಮಂಜಿಗೆ ಪಾಠ ಮಾಡಿದರು. ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಡ್ರೈವರನಿಗೆ ಹೇಳಿದೆ. ಅಲ್ಲೇ ಹುಟ್ಟಿ ಬೆಳೆದ ಅವನು ಮಾಸ್ತರರ ಬೆರಳು ಹೋದ ಕಡೆಗೆಲ್ಲ ನೋಡಿ, ಹೌದು, ಹಳ್ಳಿ ಅಲ್ಲೇ, ಸೇತುವೆ ಅಲ್ಲೇ ಎಂದು ತಲೆಯಾಡಿಸಿದ. ರಾಜಕುಮಾರಿ ಮತ್ತು ಕುರಿ ಕಾಯುವವನು ಅಗಲುವಾಗ ಸುರಿಸಿದ ಕಣ್ಣೀರಿನಿಂದ ಎರಡು ಕೆರೆ ಆದವೆಂದು ತನ್ನ ಕಡೆಯ ಕಥೆ ಸೇರಿಸಿದ. "ಕಣ್ಣೀರಲ್ಲಂತ ಹೇಳ್ರಿ ಅವಗ. ಲಾವಾರಸ" ಎಂದರು ಮಾಸ್ತರರು. ನಾನು ಅದನ್ನು ಅನುವಾದಿಸಲಿಲ್ಲ.

ಇನ್ನೊಂದು ತಾಸು ಕಾದರೆ ಮಂಜು ಸರಿಯಬಹುದು ಎಂದ ಡ್ರೈವರ್. ಮಾಸ್ತರರು ನನ್ನ ಮುಖ ನೋಡಿದರು.

"ಬ್ಯಾಡ, ನಡೀರಿ. ಮೂವತ್ತ ವರ್ಷ ಹುಡುಗ್ರಿಗೆ ನೋಡಲಾರದ ಕಲಿಸೀನಿ. ಇವತ್ತ ಎದುರಿಗಿ ಬಂದು ನಿಂತು ನೋಡಲಾರದ ಕಲಿಸಿದೆ. ಅಷ್ಟ ಫರಕ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಹಡಗಿನ ಬಳಿ ಬಂದೆವು. ತಾರಾಬಾಯಿ ಕಾಕು ಇಪ್ಪತ್ನಾಲ್ಕು ಜನರ ಮುಂದೆ, ಕೈಯಲ್ಲಿ ಬೆಂದ ತೆನೆ ಹಿಡಿದುಕೊಂಡು, ಬೆಂಚಿನ ಮೇಲೆ ಕೂತಿದ್ದರು. ಯಾರೂ ವಾಂತಿ ಮಾಡಿರಲಿಲ್ಲ.

ಊರಿಗೆ ಬಂದು ರಾಜೀನಾಮೆ ಬರೆದುಕೊಂಡೇ ಆಫೀಸಿಗೆ ಹೋದೆ. ನನಗಿಂತ ಮೊದಲು ಕಾಕು ಬಂದು ಕುಳಿತಿದ್ದರು. ಮುಂದಿನ ವರ್ಷ ಮತ್ತೆ ಹೋಗೋಣ, ಆದರೆ ಅಕ್ಕಾ ಇದ್ದರೆ ಮಾತ್ರ, ದಿನಕ್ಕೆ ಒಂದೇ ಸ್ಥಳ ಎಂದು ಹಟ. ಚೌಗುಲೆ ಸರ್ ಒಂದು ವಾರ ಯೋಚಿಸಿ ಹೊಸ ಜಾಹೀರಾತು ಹಾಕಿದರು: ಆರಾಮ ಯಾತ್ರೆ, ದಿನಕ್ಕೊಂದೇ ಸ್ಥಳ. ಈ ಕಲ್ಪನೆ ತಮಗೆ ಬೆಳಗಿನ ವಾಕಿಂಗಿನಲ್ಲಿ ಹೊಳೆಯಿತೆಂದು ಎಲ್ಲರಿಗೂ ಹೇಳಿದರು. ಮಾಸ್ತರರ ಮಂಜಿನ ಪಾಠದ ಕಥೆ ಕೇಳಿ, ಅವರನ್ನು ವಿವರಣಕಾರರೆಂದು ತಂಡಕ್ಕೆ ಸೇರಿಸಿಕೊಂಡರು. "ಮಂಜ ಬಿದ್ರೂ ಗಿರಾಕಿಗಿ ಕೊರತಿ ಆಗಬಾರ್ದು" ಎಂದು ಅವರ ಲೆಕ್ಕ.

ಮರುವರ್ಷ ಹೊಸ ಹದಿನೆಂಟು ಜನರನ್ನು ಕರೆದುಕೊಂಡು ಅದೇ ಕಟಾಂಜನದ ಮುಂದೆ ನಿಂತೆವು. ಆ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕೆಳಗೆ ಎರಡು ಕೆರೆ, ಹಳ್ಳಿ, ಸೇತುವೆ, ಎಲ್ಲವೂ ಮಾಸ್ತರರು ಹೇಳಿದ ಜಾಗದಲ್ಲಿಯೇ ಇದ್ದವು. ಜನ ಅವರ ಸುತ್ತ ನಿಂತು ಕಾದರು. ನಾನು ಒಮ್ಮೆ ಕೆಮ್ಮಿದೆ. ಅವರು ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನಿಂತವರು ಬಸ್ಸು ಹೊರಡುವವರೆಗೂ ಒಂದು ಮಾತೂ ಆಡಲಿಲ್ಲ.

ಇಬ್ಬರು ಪ್ರಯಾಣಿಕರು ಬೆಳಗಾವಿಗೆ ದೂರು ಕಳಿಸಿದರು. ಸಂಜೆ ಚೌಗುಲೆ ಸರ್ ಫೋನ್ ಬಂತು.

"ಏನ್ರಿ ಶಕುಂತಲಾ, ಮಾಸ್ತರ ಏನೂ ಹೇಳಲೇ ಇಲ್ಲಂತ?"

"ಹೌದ್ರಿ ಸರ್," ಎಂದೆ. "ಇವತ್ತ ಅವರು ನೋಡಾಕತ್ತಿದ್ರು."